ಮನೆಯಲ್ಲಿ ಕಟ್ಟಿದ ವಿಮಾನದ ಲೆಕ್ಕ

ನಮ್ಮ ಮನೆಯಲ್ಲಿ ಮೂವತ್ತೆಂಟು ವರ್ಷಗಳಿಂದ ನಡೆದುಬಂದ ಲೆಕ್ಕದ ಪುಸ್ತಕವೊಂದುಂಟು. ಅದನ್ನು ಬರೆಯುವವರು ನಾವಲ್ಲ, ನಮ್ಮ ಮನೆಯವರು. ಹಾಲಿನವನಿಗೆ ಕೊಟ್ಟದ್ದು, ಪತ್ರಿಕೆಯವನಿಗೆ ಕೊಡಬೇಕಾದದ್ದು, ಅಡಿಗೆಯ ಗ್ಯಾಸಿನ ಸಿಲಿಂಡರು ಬಂದ ದಿನ, ಅದು ತೀರಿದ ದಿನ, ಇವೆಲ್ಲವೂ ಅದರಲ್ಲಿ ತಪ್ಪದೆ ಸೇರುತ್ತವೆ. ಇದನ್ನು ಕುರಿತು ನಾವು ಎಷ್ಟೋ ಸಲ ಪರಿಹಾಸ್ಯ ಮಾಡಿದ್ದೇವೆ. "ನೀನು ಬರೆದಿಟ್ಟ ಮಾತ್ರಕ್ಕೆ ಹಾಲಿನ ಬೆಲೆ ಇಳಿಯುತ್ತದೆಯೆ?" ಎಂದು ಕೇಳಿದ್ದೂ ಉಂಟು. ಆ ಪರಿಹಾಸ್ಯವನ್ನೆಲ್ಲ ನಾವು 2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಅಮೆರಿಕ ದೇಶದ ಕ್ಯಾಲಿಫೋರ್ನಿಯಾ ಪ್ರಾಂತ್ಯದ ಲಿವರ್‌ಮೋರ್ ಎಂಬ ಊರಿನ ವಿಮಾನ ನಿಲ್ದಾಣದಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಆ ಸಂಗತಿಯನ್ನೇ ಇಲ್ಲಿ ವಾಚಕರಿಗೆ ನಿವೇದಿಸಲು ಹೊರಟಿದ್ದೇವೆ.

ನಮ್ಮ ಅಣ್ಣನವರ ಮಗ ಆ ಸೀಮೆಯಲ್ಲಿ ನೆಲೆಸಿ ಆಗಲೇ ಇಪ್ಪತ್ತು ವರ್ಷಗಳಾಗಿದ್ದುವು. ಅವನು ಆರು ವರ್ಷಗಳಿಂದ ತನ್ನ ಮನೆಯ ಮೋಟಾರು ಷೆಡ್ಡಿನಲ್ಲಿ, ರಜದ ದಿನಗಳಲ್ಲಿಯೂ ರಾತ್ರಿಯ ವೇಳೆಯಲ್ಲಿಯೂ ಒಂದು ವಿಮಾನವನ್ನು ಕಟ್ಟುತ್ತಿದ್ದನು. ಮೋಟಾರು ಮಾತ್ರ ಆರು ವರ್ಷ ಹೊರಗೆ ಬಿಸಿಲಿನಲ್ಲಿ ನಿಂತಿತ್ತು. ಕೆಲಸ ಮುಗಿಯುತ್ತ ಬಂದಾಗ, "ಚಿಕ್ಕಪ್ಪ, ಅಪ್ಪ ಇದ್ದಿದ್ದರೆ ಅವರನ್ನು ಕರೆಸುತ್ತಿದ್ದೆ. ನೀವೂ ಚಿಕ್ಕಮ್ಮನೂ ಬರಬೇಕು" ಎಂದು ಟೆಲಿಫೋನಿನಲ್ಲಿ ಹೇಳಿದನು. ಆ ಮಾತಿಗೆ ಇಲ್ಲವೆನ್ನಲು ನಮ್ಮಿಂದಾಗಲಿಲ್ಲ. ಏಪ್ರಿಲ್ ಕೊನೆಗೆ ಹೊರಟು ಹೋದೆವು.

ಮನೆಯಲ್ಲಿ ವಿಮಾನ ಕಟ್ಟುವುದೆಂದರೆ ಅನೇಕರಿಗೆ ನಗು ಬರಬಹುದು. ಆದರೆ ಯೋಚಿಸಿ ನೋಡಿದರೆ ಲೋಕದ ಮೊದಲ ವಿಮಾನವೇ ಮನೆಗೆಲಸದ್ದು. ರೈಟ್ ಸಹೋದರರು ಬೈಸಿಕಲ್ ಅಂಗಡಿ ಇಟ್ಟುಕೊಂಡಿದ್ದವರು. 1901ರಲ್ಲಿ ತಮ್ಮ ಗ್ಲೈಡರು ಲೆಕ್ಕ ಹೇಳಿದಷ್ಟು ಭಾರವನ್ನು ಎತ್ತದೆ ಹೋದಾಗ, ಅವರು ಹಿರಿಯರ ಕೋಷ್ಟಕಗಳನ್ನು ಕಣ್ಣುಮುಚ್ಚಿ ನಂಬದೆ, ಅಂಗಡಿಯಲ್ಲಿಯೇ ಮರದ ಪೆಟ್ಟಿಗೆಯೊಂದರಲ್ಲಿ ಗಾಳಿಯನ್ನು ಹಾಯಿಸಿ, ಗೇಣುದ್ದದ ರೆಕ್ಕೆಗಳನ್ನು ಒಂದೊಂದಾಗಿ ಅಳೆದರು. 1903ನೆಯ ಡಿಸೆಂಬರ್ 17ರಂದು ಅವರ ವಿಮಾನ 59 ಸೆಕೆಂಡುಗಳಲ್ಲಿ 852 ಅಡಿ ಹಾರಿದ್ದು ಆ ಅಳತೆಯ ಫಲವೇ ಹೊರತು ಬರಿಯ ಧೈರ್ಯದ ಫಲವಲ್ಲ. ನಮ್ಮ ಬೆಂಗಳೂರಿಗೂ ಈ ಬಗೆಯ ವಿಮಾನಗಳ ನಂಟುಂಟು. ಬರ್ಟ್ ರೂಟಾನ್ ಎಂಬ ಅಮೆರಿಕದ ಎಂಜಿನಿಯರು ಮನೆಯಲ್ಲಿ ಕಟ್ಟುವವರಿಗಾಗಿ ರಚಿಸಿದ ಲಾಂಗ್-ಈಜಿ ಎಂಬ ವಿಮಾನದಲ್ಲಿ ಚಿಕ್ಕ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ ಇರುತ್ತದೆ. ಅದರ ನಕ್ಷೆಯನ್ನು ಆಧರಿಸಿ ಇಲ್ಲಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯವರು 1980ರ ದಶಕದಲ್ಲಿ ಒಂದು ಸಂಶೋಧನಾ ವಿಮಾನವನ್ನು ನಿರ್ಮಿಸಿ ಹಾರಿಸಿದರು.

ಹುಡುಗನಿಗೆ ಈ ಹುಚ್ಚು ಹಿಡಿದದ್ದು ಅವನ ತಂದೆಯಿಂದಲೇ. ಅಣ್ಣನವರು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆಯನ್ನು ತನಿಖೆ ಮಾಡುವ ಕೆಲಸದಲ್ಲಿದ್ದರು. ಭಾನುವಾರಗಳಲ್ಲಿ ಮಗನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಜಕ್ಕೂರಿನ ಮೈದಾನಕ್ಕೆ ಹೋಗುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ಹುಟ್ಟಿ 1958ರಲ್ಲಿ ಮೊದಲು ಹಾರಿದ ಪುಷ್ಪಕವೆಂಬ ಪುಟ್ಟ ವಿಮಾನವು ಅಲ್ಲಿ ಏರಿಳಿಯುವುದನ್ನು ತಂದೆಮಕ್ಕಳು ಬೇಲಿಯ ಆಚೆ ನಿಂತು ನೋಡುತ್ತಿದ್ದರು. "ಕಣ್ಣು ಮೆಚ್ಚಿದ್ದನ್ನು ಕೈ ಅಳೆಯಬೇಕು" ಎಂಬುದು ಅಣ್ಣನವರು ಸದಾ ಆಡುತ್ತಿದ್ದ ಮಾತು. 2011ರಲ್ಲಿ ಅವರು ತೀರಿಕೊಂಡಾಗ ಮಗನು ಮನೆಯಿಂದ ತೆಗೆದುಕೊಂಡು ಹೋದದ್ದು ಅವರ ಹಳೆಯ ವರ್ನಿಯರ್ ಕ್ಯಾಲಿಪರ್ ಒಂದನ್ನು ಮಾತ್ರ. ಮರುವರ್ಷವೇ ವಿಮಾನದ ಕೆಲಸ ಆರಂಭವಾಯಿತು.

ಅವನು ಕಟ್ಟಿದ್ದು ಆರ್‌ವಿ-9ಎ ಎಂಬ ಮಾದರಿ. ಇಬ್ಬರು ಪಕ್ಕಪಕ್ಕದಲ್ಲಿ ಕುಳಿತುಕೊಳ್ಳತಕ್ಕದ್ದು. ಅಲ್ಯೂಮಿನಿಯಂ ತಗಡಿನ ಮೈ, 160 ಕುದುರೆಗಳ ಶಕ್ತಿಯ ಎಂಜಿನು, ಎರಡು ರೆಕ್ಕೆಗಳ ಒಳಗಿನ ಟ್ಯಾಂಕುಗಳಲ್ಲಿ ಒಟ್ಟು 36 ಅಮೆರಿಕನ್ ಗ್ಯಾಲನ್, ಎಂದರೆ ಸುಮಾರು 136 ಲೀಟರು ಪೆಟ್ರೋಲು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬರುತ್ತವೆ. ಅವುಗಳನ್ನು ಹತ್ತು ಸಾವಿರಕ್ಕೂ ಮೇಲ್ಪಟ್ಟ ರಿವೆಟ್ಟುಗಳಿಂದ ಕೂಡಿಸುವುದು ಕಟ್ಟುವವನ ಪಾಲು. ಕಟ್ಟುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ಕಲಿಯುವುದಕ್ಕಾಗಿಯೋ ವಿನೋದಕ್ಕಾಗಿಯೋ ಮಾಡಿರಬೇಕೆಂದು ಆ ದೇಶದ ಕಾನೂನು. ಹಾಗೆ ಕಟ್ಟಿದ ವಿಮಾನವನ್ನು ಸರ್ಕಾರದ ಅಧಿಕಾರ ಪಡೆದ ಪರೀಕ್ಷಕನೊಬ್ಬನು ನೋಡಿ ಹಾರಲು ಅನುಮತಿ ಕೊಡುತ್ತಾನೆ. ಆದರೆ ಅದು ಪೂರ್ಣಾನುಮತಿಯಲ್ಲ. ನಮ್ಮ ಹುಡುಗನಿಗೆ ಕೊಟ್ಟ ಪತ್ರದಲ್ಲಿ, ಮೊದಲ 40 ಗಂಟೆಗಳ ಕಾಲ ಗೊತ್ತುಮಾಡಿದ ಸೀಮೆಯೊಳಗೆ ಮಾತ್ರ ಹಾರಬೇಕು, ಪ್ರಯಾಣಿಕರನ್ನು ಕೂರಿಸಿಕೊಳ್ಳಬಾರದು, ಎಂದಿತ್ತು. ಕಟ್ಟಿದ ವಿಮಾನದ ಗುಣದೋಷಗಳನ್ನು ಅಳೆದು ಬರೆದಿಡುವುದಕ್ಕೆಂದೇ ಆ 40 ಗಂಟೆ.

ಹೀಗಾಗಿ ನಮ್ಮ ಸ್ಥಾನ ನೆಲದ ಮೇಲೆಯೇ ನಿಶ್ಚಯವಾಯಿತು. ಬೆಳಗಿನ ಗಾಳಿ ನಿಶ್ಚಲವಾಗಿರುವುದರಿಂದ ಶನಿವಾರ ಭಾನುವಾರಗಳಲ್ಲಿ ಸೂರ್ಯೋದಯಕ್ಕೆ ಮುಂಚೆಯೇ ಎಲ್ಲರೂ ಎದ್ದು ನಿಲ್ದಾಣಕ್ಕೆ ಹೋಗುತ್ತಿದ್ದೆವು. ಸುತ್ತಲೂ ಬೇಸಿಗೆಗೆ ಒಣಗಿ ಕಂದಾದ ಹುಲ್ಲಿನ ಗುಡ್ಡಗಳು, ಪೂರ್ವದಲ್ಲಿ ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳು. ನಮ್ಮ ಮನೆಯವರು ಚಿತ್ರಾನ್ನವನ್ನೂ ಫ್ಲಾಸ್ಕಿನಲ್ಲಿ ಕಾಫಿಯನ್ನೂ ತರುತ್ತಿದ್ದರು. ಹುಡುಗನು ಹಾರುವಾಗ ತೊಡೆಯ ಮೇಲಿನ ಕಾಗದದಲ್ಲಿ ಗೀಚಿದ ಅಂಕಿಗಳನ್ನು ದೊಡ್ಡ ಪುಸ್ತಕಕ್ಕೆ ಅಂದವಾಗಿ ನಕಲು ಮಾಡುವ ಕೆಲಸ ನಮ್ಮದು. ನಲವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿದವರಿಗೆ ಇದಕ್ಕಿಂತ ಒಳ್ಳೆಯ ವಿರಾಮ ಯಾವುದು? ಪೆಟ್ರೋಲು ಹಾಕುವ ಯಂತ್ರವು ಅಲ್ಲಿ ಪ್ರತಿಸಲವೂ ಒಂದು ಚೀಟಿ ಕೊಡುತ್ತದೆ. ಆ ಚೀಟಿಗಳನ್ನು ನಮ್ಮ ಮನೆಯವರು ಯಾರೂ ಕೇಳದೆಯೇ ಎತ್ತಿ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಡುತ್ತಿದ್ದರು.

ಜೂನ್ ತಿಂಗಳ ಒಂದು ಬೆಳಿಗ್ಗೆ ವಿಮಾನ ಮೊದಲ ಸಲ ನೆಲ ಬಿಟ್ಟಿತು. ಆ ದಿನ ನಮ್ಮ ಸೊಸೆ ಮೋಟಾರಿನೊಳಗೆ ಕುಳಿತು, ಅದು ಇಳಿದು ನಿಲ್ಲುವವರೆಗೂ ಕಿಟಕಿಯ ಕಡೆ ತಿರುಗಲಿಲ್ಲ. ಇಪ್ಪತ್ತೈದು ನಿಮಿಷಗಳ ಹಾರಾಟವದು. ಇಳಿದು ಬಂದವನು ಹೆಚ್ಚು ಮಾತಾಡಲಿಲ್ಲ. ಜೇಬಿನಿಂದ ಅಪ್ಪನ ಕ್ಯಾಲಿಪರ್ ತೆಗೆದು ನಮ್ಮ ಕೈಯಲ್ಲಿಟ್ಟನು. ಅದನ್ನೂ ಜೊತೆಯಲ್ಲಿ ಹಾರಿಸಿಕೊಂಡು ಬಂದಿದ್ದನು.

ಆಮೇಲೆ ಪರೀಕ್ಷೆಗಳು ಕ್ರಮವಾಗಿ ನಡೆದುವು. ಮೂರು ಚಕ್ರಗಳನ್ನೂ ಮೂರು ತಕ್ಕಡಿಗಳ ಮೇಲೆ ನಿಲ್ಲಿಸಿ ತೂಕವನ್ನೂ ಭಾರಕೇಂದ್ರವನ್ನೂ ಮೊದಲೇ ಗೊತ್ತುಮಾಡಿದ್ದಾಗಿತ್ತು. ಈಗ ಆಕಾಶದಲ್ಲಿ, ವೇಗವನ್ನು ತಗ್ಗಿಸುತ್ತ ತಗ್ಗಿಸುತ್ತ ಹೋದರೆ ರೆಕ್ಕೆಯು ಯಾವ ವೇಗದಲ್ಲಿ ಭಾರ ಹೊರಲಾರದೆ ಸೋಲುತ್ತದೆ. ಯಾವ ವೇಗದಲ್ಲಿ ಮೂತಿ ಎತ್ತಿದರೆ ನಿಮಿಷಕ್ಕೆ ಹೆಚ್ಚು ಅಡಿ ಏರುತ್ತದೆ. ಎಂಜಿನನ್ನು ತೀರ ತಗ್ಗಿಸಿದರೆ ಯಾವ ವೇಗದಲ್ಲಿ ಹೆಚ್ಚು ದೂರ ತೇಲುತ್ತದೆ. ಇವನ್ನೆಲ್ಲ ಒಂದೊಂದಾಗಿ ನೋಡಿದನು. ಅಪಾಯದ ಪ್ರಯೋಗಗಳನ್ನೆಲ್ಲ ಬಹಳ ಎತ್ತರದಲ್ಲಿಯೇ ಮಾಡತಕ್ಕದ್ದು. ಎತ್ತರವೆಂಬುದು ಹಾರುವವನು ಬ್ಯಾಂಕಿನಲ್ಲಿಟ್ಟ ಹಣವಿದ್ದ ಹಾಗೆ ಎಂದು ಅವನು ಹೇಳುತ್ತಿದ್ದನು.

ಕೊನೆಗೆ ಬಂದದ್ದು ನಮಗೆಲ್ಲ ಹೆಚ್ಚು ಕುತೂಹಲದ ವಿಷಯ: ಒಂದು ಗ್ಯಾಲನ್ನಿಗೆ ಎಷ್ಟು ಮೈಲಿ? ಎಂಜಿನಿಗೆ ಹೋಗುವ ಪೆಟ್ರೋಲಿನ ಕೊಳವೆಯಲ್ಲಿ ಒಂದು ಪುಟ್ಟ ಚಕ್ರವುಂಟು. ಪೆಟ್ರೋಲು ಹರಿದ ಹಾಗೆ ಅದು ತಿರುಗುತ್ತದೆ. ಆ ಸುತ್ತುಗಳನ್ನು ಎಣಿಸಿ, ಗಂಟೆಗೆ ಇಷ್ಟು ಗ್ಯಾಲನ್ ಎಂದು ಮುಂದಿನ ಫಲಕದಲ್ಲಿ ಹೊಳೆಯುವ ಅಂಕಿಗಳಲ್ಲಿ ತೋರಿಸುವ ಏರ್ಪಾಡು. 8,000 ಅಡಿ ಎತ್ತರದಲ್ಲಿ, ಎಂಜಿನು ಸಾಧಾರಣವಾಗಿ ನಡೆಯುತ್ತಿರುವಾಗ, ವೇಗಸೂಚಿಯ ಪ್ರಕಾರ ಗಂಟೆಗೆ 172 ಮೈಲಿ, ಹರಿವಿನ ಫಲಕದ ಪ್ರಕಾರ ಗಂಟೆಗೆ 6.1 ಗ್ಯಾಲನ್ ಎಂದು ಬರೆದುಕೊಂಡು ಬಂದನು. ಭಾಗಿಸಿದರೆ ಗ್ಯಾಲನ್ನಿಗೆ 28 ಮೈಲಿಗೂ ಮೇಲೆ! ಇದೇ ಮಾದರಿಯನ್ನು ಕಟ್ಟಿದ ಬೇರೆಯವರಿಗೆ ಅಷ್ಟು ವೇಗದಲ್ಲಿ ಇಷ್ಟು ದೊರೆತದ್ದನ್ನು ಅವನು ಕೇಳಿರಲಿಲ್ಲ. ಆರು ವರ್ಷ ತಗಡನ್ನು ನಯಮಾಡಿದ್ದು, ಸಂದುಗಳನ್ನು ಮುಚ್ಚಿದ್ದು, ಚಕ್ರಗಳಿಗೆ ಹೊದಿಕೆ ಮಾಡಿದ್ದು, ಎಲ್ಲವೂ ಸಾರ್ಥಕವಾಯಿತೆಂದು ಅವನು ಹಿಗ್ಗಿದನು. ಗಣಿತದ ಮೇಷ್ಟರಾದ ನಾವೂ ಹಿಗ್ಗಿದೆವು. ಆ ಅಂಕಿಯನ್ನು ಕೆಂಪು ಮಸಿಯಲ್ಲಿ ಬರೆದವರು ನಾವೇ.

ಮುಂದಿನ ಶನಿವಾರಕ್ಕೆ ದೀರ್ಘವಾದ ಒಂದು ಹಾರಾಟ ಗೊತ್ತಾಯಿತು. ಎರಡು ಟ್ಯಾಂಕುಗಳನ್ನೂ ಕಂಠದವರೆಗೆ ತುಂಬಿ, ಪರೀಕ್ಷೆಯ ಸೀಮೆಯೊಳಗೇ ಸುತ್ತುತ್ತ, ಫಲಕದ ಲೆಕ್ಕದಲ್ಲಿ ಅರ್ಧ ಗಂಟೆಯ ಪೆಟ್ರೋಲು ಉಳಿಯುವವರೆಗೆ ಹಾರಿ, ಈ ವಿಮಾನದ ದೂರ ಎಷ್ಟೆಂಬುದನ್ನು ಸಾಧಿಸಿ ತೋರಿಸುವುದೆಂದು ಅವನ ಸಂಕಲ್ಪ.

ಶುಕ್ರವಾರ ರಾತ್ರಿ ಊಟವಾದ ಮೇಲೆ ನಮ್ಮ ಮನೆಯವರು ಬಿಸ್ಕತ್ತಿನ ಡಬ್ಬವನ್ನು ಮುಂದಿಟ್ಟುಕೊಂಡು ಚೀಟಿಗಳನ್ನು ಜೋಡಿಸುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಮಗು, ನಿನ್ನ ಯಂತ್ರ ಒಟ್ಟು ಎಷ್ಟು ಪೆಟ್ರೋಲು ಸುಟ್ಟಿತೆಂದು ಹೇಳುತ್ತದೆ?" ಎಂದು ಕೇಳಿದರು.

"ಯಾವಾಗಿನಿಂದ, ಚಿಕ್ಕಮ್ಮ?"

"ಕಡೆಯ ಮೂರು ಸಲ ತುಂಬಿಸಿದ್ದರಲ್ಲಿ."

ಅವನು ಪುಸ್ತಕ ನೋಡಿ, "17.0 ಗ್ಯಾಲನ್" ಎಂದನು.

"ಚೀಟಿಗಳಲ್ಲಿ 6.3, 7.0, 6.1. ಕೂಡಿದರೆ 19.4 ಆಗುತ್ತದೆ. ಪ್ರತಿಸಲವೂ ಕಂಠದವರೆಗೆ ತುಂಬಿಸಿದ್ದನ್ನು ನಾನೇ ನಿಂತು ನೋಡಿದ್ದೇನೆ. ಉಳಿದದ್ದು ಎಲ್ಲಿಗೆ ಹೋಯಿತು?"

ಹುಡುಗನು ನಕ್ಕು, "ಅಲ್ಲಿಯ ಬಿಸಿಲಿಗೆ ಸ್ವಲ್ಪ ಆವಿಯಾಗುತ್ತದೆ, ಚಿಕ್ಕಮ್ಮ. ವಿಮಾನ ನಿಂತ ನೆಲ ಓರೆಯಾಗಿದ್ದರೂ ವ್ಯತ್ಯಾಸ ಬರುತ್ತದೆ" ಎಂದನು.

"ಹೆಚ್ಚುಕಡಿಮೆ ಎರಡೂವರೆ ಗ್ಯಾಲನ್ ಆವಿಯಾಗುವುದಾದರೆ ಷೆಡ್ಡಿನ ಬಾಗಿಲು ತೆರೆದ ಕೂಡಲೇ ವಾಸನೆ ಹೊಡೆಯಬೇಡವೆ? ನೆಲ ಓರೆಯಾಗಿದ್ದರೆ ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ ಆಗಬೇಕು. ಮೂರು ಸಲವೂ ಚೀಟಿಯೇ ಹೆಚ್ಚು ಹೇಳುತ್ತಿದೆಯಲ್ಲ."

ಇಲ್ಲಿ ನಾವು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಗಣಿತ ಬಲ್ಲವರಾದ ನಾವು ಆ ಪ್ರಶ್ನೆಯನ್ನು ಮೊದಲೇ ಕೇಳಬೇಕಾಗಿತ್ತು. ಕೇಳಲಿಲ್ಲ, ಅಷ್ಟೇ ಅಲ್ಲ, ಆಕೆ ಕೇಳಿದಾಗಲೂ ಹುಡುಗನ ಪಕ್ಷವನ್ನೇ ಹಿಡಿದು, "ಅದೇನು ಹಾಲಿನ ಲೆಕ್ಕವೆ? ಸೂಕ್ಷ್ಮ ಯಂತ್ರಗಳ ವಿಷಯ, ಅವನಿಗೆ ಗೊತ್ತಿದೆ, ಬಿಡು" ಎಂದುಬಿಟ್ಟೆವು. ಆಕೆ ಮತ್ತೇನೂ ಹೇಳದೆ ಚೀಟಿಗಳಿಗೆ ರಬ್ಬರು ಸುತ್ತಿ ಡಬ್ಬದಲ್ಲಿಟ್ಟರು. ಹುಡುಗನ ಮುಖದಲ್ಲಿ ನಗು ಉಳಿದಿರಲಿಲ್ಲ. ಬೇಸರವೋ ಸಂದೇಹವೋ ನಮಗೆ ತಿಳಿಯಲಿಲ್ಲ.

ನಡುರಾತ್ರಿಯಲ್ಲಿ ನೀರು ಕುಡಿಯಲು ಎದ್ದಾಗ ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಹುಡುಗನು ಮೇಜಿನ ಮುಂದೆ ಕುಳಿತಿದ್ದನು. ಮುಂದೆ ಬಿಸ್ಕತ್ತಿನ ಡಬ್ಬ. ಅವನು ಕಾಗದವನ್ನು ನಮ್ಮ ಕಡೆ ತಳ್ಳಿದನು. ಲೆಕ್ಕ ಸರಳವಾಗಿತ್ತು. 36 ಗ್ಯಾಲನ್ನುಗಳು ಗಂಟೆಗೆ 6.1ರಂತೆ 5 ಗಂಟೆ 54 ನಿಮಿಷ ಬರುತ್ತವೆ. ಅರ್ಧ ಗಂಟೆಯದನ್ನು ಉಳಿಸಿದರೆ 5 ಗಂಟೆ 24 ನಿಮಿಷ ಹಾರಬಹುದು. ನಾಳೆ ಹಾರಬೇಕೆಂದು ಗೊತ್ತುಮಾಡಿದ್ದು ಅಷ್ಟೇ. ಚಿಕ್ಕಮ್ಮನ ಚೀಟಿಗಳು ನಿಜವಾದರೆ ಖರ್ಚು ಗಂಟೆಗೆ 7.0. ಆಗ ಕಟ್ಟಕಡೆಯ ತೊಟ್ಟಿನವರೆಗೆ ಸುಟ್ಟರೂ 5 ಗಂಟೆ 8 ನಿಮಿಷ ಮಾತ್ರ. ಎಂದರೆ ಇಳಿಯಬೇಕಾದ ಹೊತ್ತಿಗೆ ಇನ್ನೂ ಹದಿನಾರು ನಿಮಿಷ ಇರುವಾಗಲೇ, ಫಲಕವು ಮುಕ್ಕಾಲು ಗಂಟೆಯ ಪೆಟ್ರೋಲು ಉಳಿದಿದೆಯೆಂದು ಹೊಳೆಯುತ್ತಿರುವಾಗಲೇ, ಎಂಜಿನು ನಿಂತುಹೋಗುತ್ತಿತ್ತು.

"ಟ್ಯಾಂಕಿನ ತೇಲುಗುಂಡಿನ ಮುಳ್ಳು ಬೇಗ ಇಳಿಯುತ್ತಿದ್ದದ್ದನ್ನು ನಾನು ನೋಡಿದ್ದೆ, ಚಿಕ್ಕಪ್ಪ. ಆದರೆ ಆ ಮುಳ್ಳು ಯಾವಾಗಲೂ ಅಲುಗುತ್ತಿರುತ್ತದೆ, ಅದೇ ತಪ್ಪಿರಬೇಕು ಎಂದುಕೊಂಡೆ. ಇಬ್ಬರು ಸಾಕ್ಷಿಗಳು ಎರಡು ಬಗೆ ಹೇಳಿದರೆ, ನನಗೆ ಹಿತವಾದದ್ದನ್ನು ಹೇಳಿದವನನ್ನೇ ನಂಬಿದೆ" ಎಂದನು. ನಾವು ಏನೂ ಹೇಳಲಿಲ್ಲ. ಹೇಳಲು ನಮಗೆ ಮುಖವಿರಲಿಲ್ಲ.

ಮರುದಿನ ಹಾರಾಟ ನಡೆಯಲಿಲ್ಲ. ವಿಮಾನವನ್ನು ಷೆಡ್ಡಿನ ಹೊರಗೆ ಗಾಳಿಯಾಡುವಲ್ಲಿ ನಿಲ್ಲಿಸಿ, ಎಂಜಿನಿನ ಹತ್ತಿರ ಕೊಳವೆಯನ್ನು ಬಿಚ್ಚಿ, ವಿದ್ಯುತ್ ಪಂಪಿನಿಂದ ಪೆಟ್ರೋಲನ್ನು ಆ ಪುಟ್ಟ ಚಕ್ರದ ಮೂಲಕವೇ ಹಾಯಿಸಿ, ಐದು ಗ್ಯಾಲನ್ ಗುರುತಿರುವ ಡಬ್ಬಕ್ಕೆ ತುಂಬಿಸಿದನು. ಡಬ್ಬ ಗುರುತಿನವರೆಗೆ ತುಂಬಿತು. ಫಲಕ 4.4 ಎಂದಿತು. ಚಕ್ರದ ಎಷ್ಟು ಸುತ್ತಿಗೆ ಒಂದು ಗ್ಯಾಲನ್ ಎಂಬ ಅಂಕಿಯನ್ನು ಪ್ರತಿಯೊಂದು ವಿಮಾನದಲ್ಲಿಯೂ ಹೀಗೆಯೇ ಅಳೆದು ಯಂತ್ರಕ್ಕೆ ತಿಳಿಸಬೇಕು. ಕೊಳವೆಯ ತಿರುವುಗಳಿಂದ ಅದು ವ್ಯತ್ಯಾಸವಾಗುವುದುಂಟು. ಯಂತ್ರದ ಜೊತೆಗೆ ಬಂದ ಪುಸ್ತಕದಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿದ್ದರು. ಅವಸರದಲ್ಲಿ ಆಮೇಲೆ ಮಾಡೋಣವೆಂದು ಬಿಟ್ಟದ್ದು ಹಾಗೆಯೇ ಉಳಿದಿತ್ತು.

ಇಂಥ ತಪ್ಪು ಹವ್ಯಾಸಿಗಳಿಗೆ ಮಾತ್ರ ಮೀಸಲಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1983ನೆಯ ಜುಲೈ 23ರಂದು ಕೆನಡಾ ದೇಶದಲ್ಲಿ ಬೋಯಿಂಗ್ 767 ಎಂಬ ದೊಡ್ಡ ವಿಮಾನವೊಂದಕ್ಕೆ ಇಂಧನ ತುಂಬುವಾಗ ಕಿಲೋಗ್ರಾಂ ಲೆಕ್ಕದ ಬದಲು ಪೌಂಡಿನ ಲೆಕ್ಕ ಹಿಡಿದುದರಿಂದ, ಬೇಕಾದದ್ದರಲ್ಲಿ ಅರ್ಧಕ್ಕಿಂತಲೂ ಕಡಿಮೆ ತುಂಬಿ ಹೊರಟರು. 41,000 ಅಡಿ ಎತ್ತರದಲ್ಲಿ ಇಂಧನ ತೀರಿತು. ಚಾಲಕರು ಅದನ್ನು ಗಿಡುಗದಂತೆ ತೇಲಿಸಿ ಗಿಮ್ಲಿ ಎಂಬಲ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದ್ದರಿಂದ 69 ಜನರೂ ಬದುಕಿಕೊಂಡರು. ಅಷ್ಟು ಯಂತ್ರಗಳೂ ಅಷ್ಟು ಜನ ತಜ್ಞರೂ ಇದ್ದಲ್ಲಿ ಒಂದು ಗುಣಾಕಾರದ ತಪ್ಪು ಅಷ್ಟು ಎತ್ತರಕ್ಕೆ ಏರಿಹೋಯಿತು.

ಒಬ್ಬ ಸಾಕ್ಷಿ ಸುಳ್ಳಾಡಿದನೆಂದು ಗೊತ್ತಾದ ಮೇಲೆ ಉಳಿದವರನ್ನೂ ಪಾಟಿಸವಾಲು ಮಾಡಬೇಕಲ್ಲವೆ? ವೇಗಸೂಚಿಯ ಸರದಿ ಬಂದಿತು. ಈ ಉಪಕರಣವು ಎದುರಿನಿಂದ ನುಗ್ಗುವ ಗಾಳಿಯ ಒತ್ತಡವನ್ನೂ, ವಿಮಾನದ ಪಕ್ಕದಲ್ಲಿರುವ ಒಂದು ಸಣ್ಣ ಕಿಂಡಿಯ ಮೂಲಕ ಬರುವ ಸುತ್ತಣ ಗಾಳಿಯ ಒತ್ತಡವನ್ನೂ ಹೋಲಿಸಿ ವೇಗವನ್ನು ಹೇಳುತ್ತದೆ. ಆ ಕಿಂಡಿಯ ಬಳಿ ಒತ್ತಡ ಕಿಂಚಿತ್ ಕಡಿಮೆಯಾದರೂ ಮುಳ್ಳು ಇಲ್ಲದ ವೇಗವನ್ನು ತೋರಿಸುತ್ತದೆ. ಸತ್ಯವನ್ನು ತಿಳಿಯುವ ದಾರಿ ಜಿ.ಪಿ.ಎಸ್. ಅದು ನೆಲದ ಮೇಲಿನ ವೇಗವನ್ನು ಹೇಳುತ್ತದೆ. ಆದರೆ ಅದರಲ್ಲಿ ಗಾಳಿಯ ಪಾಲೂ ಸೇರಿರುತ್ತದೆ. ಹೊಳೆಯಲ್ಲಿ ದೋಣಿ ನಡೆಸುವವರು ಇದನ್ನು ಬಲ್ಲರು: ಪ್ರವಾಹದೊಡನೆ ಹೋದರೆ ಓಟ, ಎದುರಾಗಿ ಹೋದರೆ ಕುಂಟು. ಎರಡರ ವೇಗವನ್ನೂ ಕೂಡಿಸಿ ಅರ್ಧಮಾಡಿದರೆ ದೋಣಿಯ ಸ್ವಂತ ವೇಗ ದೊರೆಯುತ್ತದೆ. ಅದೇ ಕ್ರಮದಲ್ಲಿ, 8,000 ಅಡಿಯ ಎತ್ತರದಲ್ಲಿ ನಾಲ್ಕು ದಿಕ್ಕಿಗೂ ಒಂದೇ ಶಕ್ತಿಯಲ್ಲಿ ಹಾರಿದನು. ಗಾಳಿಯೊಡನೆ 183, ಗಾಳಿಗೆದುರಾಗಿ 147, ಅಡ್ಡಗಾಳಿಯಲ್ಲಿ ಎರಡು ಸಲವೂ 166. ಎತ್ತರಕ್ಕೂ ತಾಪಕ್ಕೂ ಬೇಕಾದ ತಿದ್ದುಪಡಿಯನ್ನು ಮಾಡಿದ ಮೇಲೂ ವೇಗಸೂಚಿ 172 ಎನ್ನುತ್ತಿದ್ದ ಕಡೆ ನಿಜವಾದ ವೇಗ 165 ಮೈಲಿ.

ವೇಗದಲ್ಲಿ ಏಳು ಮೈಲಿ ಹೆಚ್ಚು, ಖರ್ಚಿನಲ್ಲಿ ಹತ್ತಿರ ಹತ್ತಿರ ಒಂದು ಗ್ಯಾಲನ್ ಕಡಿಮೆ. ಎರಡು ತಪ್ಪುಗಳೂ ನಮ್ಮನ್ನು ಹೊಗಳುವ ಕಡೆಗೇ ವಾಲಿದ್ದುವು. ಗ್ಯಾಲನ್ನಿಗೆ 28 ಮೈಲಿ ಎಂದು ಕೆಂಪು ಮಸಿಯಲ್ಲಿ ಬರೆದದ್ದು ನಿಜವಾಗಿ 23.6. ಅಂಕಿ ಇಷ್ಟು ಕೆಳಕ್ಕೆ ಬಿದ್ದಿದ್ದರೆ ನಾವೇ ಗಾಬರಿಗೊಂಡು ಹತ್ತು ಸಲ ಪರೀಕ್ಷಿಸುತ್ತಿದ್ದೆವು. ಮೇಲಕ್ಕೆ ಏರಿದ್ದರಿಂದ ಒಂದು ಸಲವೂ ಪರೀಕ್ಷಿಸಲಿಲ್ಲ.

ಆಮೇಲಿನ ಎರಡು ವಾರಗಳಲ್ಲಿ ಎಲ್ಲ ಅಂಕಿಗಳನ್ನೂ ಹೊಸದಾಗಿ ತೆಗೆದನು. ಗಂಟೆಗೆ 185 ಮೈಲಿ ವೇಗದಲ್ಲಿ 9.2 ಗ್ಯಾಲನ್, ಗ್ಯಾಲನ್ನಿಗೆ 20 ಮೈಲಿ. 135 ಮೈಲಿ ವೇಗದಲ್ಲಿ 5.0 ಗ್ಯಾಲನ್, ಗ್ಯಾಲನ್ನಿಗೆ 27 ಮೈಲಿ. 105 ಮೈಲಿಗೆ ಇಳಿಸಿದರೆ 3.7 ಗ್ಯಾಲನ್, ಗ್ಯಾಲನ್ನಿಗೆ 28 ಮೈಲಿ ಚಿಲ್ಲರೆ. ನಿಧಾನ ಮಾಡಿದಷ್ಟೂ ಉಳಿತಾಯವೆನ್ನೋಣವೆಂದರೆ ಹಾಗೂ ಅಲ್ಲ. ತಲೆಯ ಮೇಲೆ ಹೊರೆ ಹೊತ್ತವನು ಓಡಿದರೂ ದಣಿಯುತ್ತಾನೆ, ನಿಂತರೂ ದಣಿಯುತ್ತಾನೆ. ವಿಮಾನಕ್ಕೂ ಎರಡು ಬಗೆಯ ತಡೆಯುಂಟು. ಗಾಳಿಯನ್ನು ಸೀಳಿಕೊಂಡು ಹೋಗುವ ತಡೆ ವೇಗ ಇಮ್ಮಡಿಯಾದರೆ ನಾಲ್ಮಡಿಯಾಗುತ್ತದೆ. ಭಾರವನ್ನು ಎತ್ತಿ ಹಿಡಿಯುವುದರಿಂದ ಹುಟ್ಟುವ ತಡೆ ವೇಗ ಕಡಿಮೆಯಾದಷ್ಟೂ ಹೆಚ್ಚುತ್ತದೆ. ಇವೆರಡೂ ಸಮವಾಗುವ ವೇಗದಲ್ಲಿ ಒಟ್ಟು ತಡೆ ಅತ್ಯಲ್ಪ. ಈ ವಿಮಾನಕ್ಕೆ ಅದು ಸುಮಾರು 100 ಮೈಲಿ.

ಹಾಗಾದರೆ ಎಲ್ಲರೂ 100 ಮೈಲಿಯಲ್ಲಿಯೇ ತೆವಳಬೇಕೆ? ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾಗಿದ್ದ ಬರ್ನಾರ್ಡ್ ಕಾರ್ಸನ್ ಎಂಬವರು 1980ರ ಸುಮಾರಿಗೆ ಇದಕ್ಕೊಂದು ಒಳ್ಳೆಯ ಉತ್ತರ ಕೊಟ್ಟರು. ಕಾಲಕ್ಕೂ ಬೆಲೆಯಿರುವುದರಿಂದ, ಖರ್ಚುಮಾಡಿದ ಪ್ರತಿ ಗ್ಯಾಲನ್ನಿಗೂ ಹೆಚ್ಚಿನ ವೇಗ ದೊರೆಯುವ ಒಂದು ಬಿಂದುವುಂಟು. ಅದು ಅತ್ಯಲ್ಪ ತಡೆಯ ವೇಗದ ಸುಮಾರು 1.32ರಷ್ಟು. ಆ ಬಿಂದುವಿನಲ್ಲಿ ವೇಗ ನೂರಕ್ಕೆ 32 ಪಾಲು ಏರಿದರೂ ತಡೆ ನೂರಕ್ಕೆ ಸುಮಾರು 15 ಪಾಲು ಮಾತ್ರ ಏರುತ್ತದೆ. ನಮ್ಮ ವಿಮಾನಕ್ಕೆ ಅದು 132 ಮೈಲಿ. 200 ಮೈಲಿ ದೂರದ ಊರಿಗೆ 185ರ ವೇಗದಲ್ಲಿ ಹೋದರೆ 65 ನಿಮಿಷ, ಹತ್ತಿರ ಹತ್ತಿರ 10 ಗ್ಯಾಲನ್. 135ರಲ್ಲಿ ಹೋದರೆ 89 ನಿಮಿಷ, ಏಳೂವರೆ ಗ್ಯಾಲನ್ನಿಗೂ ಕಡಿಮೆ. ಇಪ್ಪತ್ತನಾಲ್ಕು ನಿಮಿಷದ ಅವಸರಕ್ಕೆ ಎರಡೂವರೆ ಗ್ಯಾಲನ್ ದಂಡ. ಅವಸರವಿದ್ದವರು ಕೊಡಲಿ, ಆದರೆ ಕೊಡುತ್ತಿದ್ದೇವೆಂದು ತಿಳಿದು ಕೊಡಲಿ.

ಈ ವಿದ್ಯೆಯಿಂದ ದೊಡ್ಡ ಕಾರ್ಯಗಳು ಆಗಿವೆ. 1927ರಲ್ಲಿ ಒಬ್ಬಂಟಿಗನಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್, 1944ರಲ್ಲಿ ಶಾಂತಸಾಗರದ ಯುದ್ಧರಂಗಕ್ಕೆ ಹೋಗಿ, ಎಂಜಿನಿನ ಸುತ್ತುಗಳನ್ನು ತಗ್ಗಿಸಿ ಪೆಟ್ರೋಲಿನ ಮಿಶ್ರಣವನ್ನು ತೆಳುಮಾಡಿ ಅದೇ ಟ್ಯಾಂಕಿನಲ್ಲಿ ನೂರಾರು ಮೈಲಿ ಹೆಚ್ಚು ಹಾರುವುದನ್ನು ತರುಣ ಚಾಲಕರಿಗೆ ಕಲಿಸಿದನು. 1986ರ ಡಿಸೆಂಬರಿನಲ್ಲಿ ಬರ್ಟ್ ರೂಟಾನನ ಅಣ್ಣ ಡಿಕ್ ರೂಟಾನನೂ ಜೀನಾ ಯೇಗರ್ ಎಂಬಾಕೆಯೂ ವಾಯೇಜರ್ ಎಂಬ ವಿಮಾನದಲ್ಲಿ ಎಲ್ಲಿಯೂ ಇಳಿಯದೆ, ನಡುವೆ ಇಂಧನ ತುಂಬದೆ, ಒಂಬತ್ತು ದಿನಗಳಲ್ಲಿ ಭೂಮಂಡಲವನ್ನು ಸುತ್ತಿಬಂದರು. ಹೊರಟಾಗ ಆ ವಿಮಾನದ ತೂಕದಲ್ಲಿ ನೂರಕ್ಕೆ 70 ಪಾಲಿಗೂ ಹೆಚ್ಚು ಇಂಧನವೇ ಇತ್ತು. ಇಳಿದಾಗ ಉಳಿದದ್ದು ಸುಮಾರು 48 ಕಿಲೋಗ್ರಾಂ ಮಾತ್ರ. ಅಷ್ಟರಲ್ಲಿ ಲೋಕವನ್ನು ಸುತ್ತಬೇಕಾದರೆ ಲೆಕ್ಕ ಎಷ್ಟು ಬಿಗಿಯಾಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ದೀರ್ಘ ಹಾರಾಟವನ್ನು ಹುಡುಗನು ಕೊನೆಗೂ ಮಾಡಿದನು. ಆದರೆ ಅರ್ಧ ಗಂಟೆಯ ಬದಲು ಒಂದೂವರೆ ಗಂಟೆಯ ಪೆಟ್ರೋಲು ಉಳಿಸಿಕೊಂಡು ಇಳಿದನು. ಪುಸ್ತಕದಲ್ಲಿ ನಾವು ಕೆಂಪು ಮಸಿಯಲ್ಲಿ ಬರೆದ 28ನ್ನು ಅಳಿಸೋಣವೆಂದು ಹೋದಾಗ ಅವನು ತಡೆದು, "ಇರಲಿ, ಚಿಕ್ಕಪ್ಪ. ಅಪ್ಪ ಆಗಿದ್ದರೆ ಅಳಿಸಲು ಬಿಡುತ್ತಿರಲಿಲ್ಲ" ಎಂದು, ಅದರ ಪಕ್ಕದಲ್ಲಿಯೇ ನಿಜವಾದ ಅಂಕಿಯನ್ನು ಬರೆದು ತಾರೀಖು ಹಾಕಿದನು.

ಸೆಪ್ಟೆಂಬರ್ ಕೊನೆಗೆ 40 ಗಂಟೆಗಳೂ ಪೂರ್ತಿಯಾದುವು. ಮೊದಲ ಪ್ರಯಾಣಿಕರಾಗಿ ಯಾರು ಕೂರಬೇಕೆಂಬ ಪ್ರಶ್ನೆಗೆ ಹುಡುಗನೂ ಸೊಸೆಯೂ ಒಂದೇ ಉತ್ತರ ಕೊಟ್ಟರು. ಇದು ಹವ್ಯಾಸಿಗಳು ಕಟ್ಟಿದ ವಿಮಾನ, ಸರ್ಕಾರದ ಸಾಮಾನ್ಯ ಸುರಕ್ಷತಾ ನಿಯಮಗಳಿಗೆ ಒಳಪಟ್ಟದ್ದಲ್ಲ, ಎಂದು ಪ್ರಯಾಣಿಕರ ಕಣ್ಣಿಗೆ ಬೀಳುವಂತೆ ಒಳಗೆ ಬರೆದಿರಬೇಕೆಂಬುದು ಅಲ್ಲಿಯ ನಿಯಮ. ನಮ್ಮ ಮನೆಯವರು ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿಯಾಗಿ ಓದಿಸಿಕೊಂಡರು. ಆಮೇಲೆ ಕೆಳಗಿಳಿದು ರೆಕ್ಕೆಯ ಬಳಿಗೆ ಹೋಗಿ, ಮುಚ್ಚಳ ತೆಗೆಸಿ, ಗುರುತು ಹಾಕಿದ ಕಡ್ಡಿಯನ್ನು ಟ್ಯಾಂಕಿನಲ್ಲಿ ತಾವೇ ಅದ್ದಿ ನೋಡಿದರು. "ಸರಿ, ಹೊರಡು" ಎಂದರು. ಈ ಸಲ ಕಿಟಕಿಯ ಕಡೆ ತಿರುಗದೆ ಕುಳಿತವರು ನಾವು.

ಹೊಗಳಿಕೆಯನ್ನು ಹೇಳುವ ಅಂಕಿಯನ್ನೇ ಮೊದಲು ಸಂದೇಹಿಸಬೇಕೆಂಬ ಪಾಠವನ್ನು ನಲವತ್ತು ವರ್ಷ ಗಣಿತ ಹೇಳಿದ ಮೇಲೆ ನಾವು ಕಲಿತೆವು. ಈಗ ಮನೆಯ ಲೆಕ್ಕದ ಪುಸ್ತಕವನ್ನು ಕುರಿತು ಪರಿಹಾಸ್ಯ ಮಾಡುವುದಿಲ್ಲ. ಆಗಾಗ ಹಳೆಯ ಪುಟಗಳನ್ನು ತಿರುವಿಹಾಕುವುದುಂಟು. 2018ರ ಸೆಪ್ಟೆಂಬರಿನ ಪುಟವೊಂದರಲ್ಲಿ, ತರಕಾರಿಗೂ ಅಂಚೆಗೂ ನಡುವೆ, ಆಕೆಯ ಕೈಬರಹದಲ್ಲಿ ಹೀಗೆ ಇದೆ: "ವಿಮಾನ, 1 ಗಂಟೆ 10 ನಿಮಿಷ. ಪೆಟ್ರೋಲು ಚೀಟಿಯ ಪ್ರಕಾರ 6.2 ಗ್ಯಾಲನ್. ಯಂತ್ರದ ಪ್ರಕಾರ 6.2. ಸರಿಯಾಗಿದೆ."